ಎಡಕ್ಕೆ ತಿರುಗುವ ಮುಖ: ಡೊಂಬಿವಲಿಯ ಒಂದು ಮಗುವಿನ ಕಣ್ಣಿನ ಪ್ರಕರಣ

2025ರ ಜುಲೈ ತಿಂಗಳ ಒಂದು ಶನಿವಾರ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಮುಂಬಯಿಯ ಮಾಟುಂಗಾ ಸ್ಟೇಷನ್ ಹತ್ತಿರ ನಾನು ಕೆಲಸ ಮಾಡುವ ಕಣ್ಣಿನ ಕ್ಲಿನಿಕ್ಕಿಗೆ ಡೊಂಬಿವಲಿಯಿಂದ ಒಂದು ಕುಟುಂಬ ಬಂತು. ಅಪ್ಪ ಹೊಟೇಲಿನಲ್ಲಿ ಕ್ಯಾಷಿಯರ್. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಊರು ಕುಂದಾಪುರದ ಕಡೆ. ಜೊತೆಗೆ ಐದೂವರೆ ವರ್ಷದ ಮಗಳು. ಇಲ್ಲಿ ಅವಳನ್ನು ಚಿನ್ನು ಅಂತ ಕರೆಯುತ್ತೇನೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ.

ನಾನು ಆರ್ಥಾಪ್ಟಿಸ್ಟ್. ಎರಡು ಕಣ್ಣು ಕೂಡಿ ಕೆಲಸ ಮಾಡುತ್ತಿವೆಯೇ, ಎಷ್ಟು ತಿರುಗುತ್ತವೆ, ಎಲ್ಲಿ ನಿಲ್ಲುತ್ತವೆ ಎಂದು ಅಳೆದು ನೋಡುವುದು ನನ್ನ ಕೆಲಸ. ಔಷಧಿ, ಆಪರೇಷನ್ ಡಾಕ್ಟರಿಗೆ ಬಿಟ್ಟದ್ದು.

ಹೊರಗೆ ಕಾಯುವ ಜಾಗದಲ್ಲಿ ನಮ್ಮದೊಂದು ಮೀನಿನ ತೊಟ್ಟಿ ಇದೆ. ಮಕ್ಕಳು ಬಂದ ತಕ್ಷಣ ಅದರ ಮುಂದೆ ನಿಲ್ಲುತ್ತಾರೆ. ಚಿನ್ನುವೂ ನಿಂತಳು. ಗಾಜಿಗೆ ಮೂಗು ತಾಗಿಸುವ ಬದಲು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಡೆಯಿಂದ ಮೀನು ನೋಡುತ್ತಿದ್ದಳು. ಅಮ್ಮ ಅಭ್ಯಾಸಬಲದಿಂದ ಅವಳ ಗಲ್ಲ ಹಿಡಿದು ಮುಖ ನೇರ ಮಾಡಿದರು. ಎರಡು ಸೆಕೆಂಡ್ ಕಳೆಯುವುದರೊಳಗೆ ಮುಖ ಮತ್ತೆ ಎಡಕ್ಕೆ ಬಂತು. ಅಮ್ಮ ಮತ್ತೆ ನೇರ ಮಾಡಿದರು. ಹೀಗೆ ಮೂರು ಸಲ. ಒಳಗೆ ಕರೆಯುವ ಮೊದಲೇ ನಾನು ನೋಡಬೇಕಾದ್ದರಲ್ಲಿ ಅರ್ಧ ನೋಡಿ ಆಗಿತ್ತು.

ಅವರು ತಂದಿದ್ದ ಫೈಲು ದಪ್ಪ ಇತ್ತು. ಮೂರೂವರೆ ವರ್ಷದಲ್ಲಿ ಯಾರೋ ನೆಂಟರು 'ಮಗುವಿಗೆ ಮೆಳ್ಳೆಗಣ್ಣು' ಎಂದಿದ್ದರು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಎಡಗಣ್ಣು ಸೋಮಾರಿ, ಅಂದರೆ ಅದರ ದೃಷ್ಟಿ ಹಿಂದೆ ಬಿದ್ದಿದೆ ಎಂದು ಹೇಳಿ ಬಲಗಣ್ಣಿಗೆ ದಿನಕ್ಕೆ ನಾಲ್ಕು ಗಂಟೆ ಪಟ್ಟಿ ಕಟ್ಟಿಸಿದರು. ಎಂಟು ತಿಂಗಳು ಕಟ್ಟಿದರು. ಪೆನ್ಸಿಲನ್ನು ಮೂಗಿನ ಹತ್ತಿರ ತಂದು ನೋಡುವ ವ್ಯಾಯಾಮವೂ ಇತ್ತು. ಏನೂ ಬದಲಾಗಲಿಲ್ಲ. ಇನ್ನೊಂದು ಕಡೆ ಹೋದಾಗ 'ನರ ಹೋಗಿದೆ, ಮೆದುಳಿನಲ್ಲಿ ಗಡ್ಡೆ ಇರಬಹುದು' ಎಂದು ಎಂಆರ್‌ಐ ಬರೆದುಕೊಟ್ಟರು. ರಿಪೋರ್ಟ್ ಬರುವ ತನಕ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ರಿಪೋರ್ಟ್ ನಾರ್ಮಲ್ ಬಂತು. ಗಡ್ಡೆ ಇಲ್ಲ ಅಂದರು, ಸರಿ. ಆದರೆ ಏನಿದೆ ಅಂತ ಯಾರೂ ಹೇಳಲಿಲ್ಲ. ಈ ನಡುವೆ ಶಾಲೆಯಲ್ಲಿ ಮಕ್ಕಳು ಅವಳನ್ನು 'ತಿರಳೀ' (ಮೆಳ್ಳೆಗಣ್ಣಿನವಳು) ಎಂದು ಮರಾಠಿಯಲ್ಲಿ ಕರೆಯಲು ಶುರು ಮಾಡಿದ್ದರು. ಬೋರ್ಡ್ ನೋಡುವಾಗ ನೇರ ಕೂರುವುದಿಲ್ಲ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು.

ಚಿನ್ನುವನ್ನು ಕುರ್ಚಿಯಲ್ಲಿ ಕೂರಿಸಿದೆ. ಮೊದಲು ದೃಷ್ಟಿ. ಎರಡೂ ಕಣ್ಣಿನಲ್ಲಿ 6/9, ಸಮಸಮ. ಎಡಗಣ್ಣು ಸೋಮಾರಿ ಆಗಿರಲೇ ಇಲ್ಲ. ಆಮೇಲೆ ಒಂದು ಸಣ್ಣ ಗೊಂಬೆ ಹಿಡಿದು ಕಣ್ಣು ಆಡಿಸಲು ಹೇಳಿದೆ. ಬಲಗಣ್ಣು ಎಲ್ಲ ಕಡೆ ಸಲೀಸಾಗಿ ಹೋಯಿತು. ಎಡಗಣ್ಣು ಮೇಲೆ, ಕೆಳಗೆ, ಮೂಗಿನ ಕಡೆ ಹೋಯಿತು. ಕಿವಿಯ ಕಡೆಗೆ ಮಾತ್ರ ಹೋಗಲಿಲ್ಲ. ನಡುವಿಗೆ ಬಂದು ನಿಂತಿತು. ಗೊಂಬೆ ಎಷ್ಟು ಎಡಕ್ಕೆ ಒಯ್ದರೂ ಅಷ್ಟೇ.

ಇಷ್ಟಕ್ಕೇ ನಿಲ್ಲಿಸಿದರೆ ಯಾರಾದರೂ ಕಣ್ಣನ್ನು ಕಿವಿಯ ಕಡೆಗೆ ತಿರುಗಿಸುವ ಆರನೇ ನರ ಸೋತಿದೆ ಎಂದೇ ಹೇಳುತ್ತಾರೆ. ಗಡ್ಡೆಯ ಭಯ ಹುಟ್ಟಿದ್ದೂ ಅಲ್ಲಿಂದಲೇ. ಅದಕ್ಕೇ ಗೊಂಬೆಯನ್ನು ಬಲಕ್ಕೆ ತಂದೆ. ಎಡಗಣ್ಣು ಮೂಗಿನ ಕಡೆ ಸರಿಯಿತು. ಸರಿಯುತ್ತಿದ್ದಂತೆ ಆ ಕಣ್ಣಿನ ರೆಪ್ಪೆಗಳ ನಡುವಿನ ಸಂದು ಕಿರಿದಾಯಿತು. ಯಾರೋ ಹಿಂದಿನಿಂದ ದಾರ ಕಟ್ಟಿ ಎಳೆದ ಹಾಗೆ ಗುಡ್ಡೆ ಒಂದೆರಡು ಮಿಲಿಮೀಟರ್ ಒಳಕ್ಕೆ ಹೋಯಿತು. ಗೊಂಬೆಯನ್ನು ನಡುವಿಗೆ ತಂದೆ, ಕಣ್ಣು ಮತ್ತೆ ಅರಳಿತು. ಅಪ್ಪನನ್ನು ಹತ್ತಿರ ಕರೆದು ತೋರಿಸಿದೆ. 'ಐದು ವರ್ಷ ದಿನಾ ನೋಡಿದ್ದೇವೆ, ಇದು ಕಂಡೇ ಇಲ್ಲ ಅಲ್ವಾ' ಎಂದು ಅವರು ಹೆಂಡತಿಯ ಮುಖ ನೋಡಿದರು.

ಸೋತ ನರ ಹೀಗೆ ಮಾಡುವುದಿಲ್ಲ. ಮಗು ಎರಡೆರಡು ಕಾಣುತ್ತದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಮುಖ ನೇರ ಇಟ್ಟು ಅಳೆದಾಗ ಕಣ್ಣು ಒಳಕ್ಕೆ ವಾಲಿದ್ದು 14 ಪ್ರಿಸಂ (ಕಣ್ಣು ಎಷ್ಟು ವಾಲಿದೆ ಎಂದು ಹೇಳುವ ಅಳತೆ) ಮಾತ್ರ. ಹೊರಕ್ಕೆ ಹೋಗುವುದು ಇಷ್ಟು ನಿಂತುಹೋಗಿರುವ ಕಣ್ಣಿಗೆ ಅದು ತೀರಾ ಕಡಿಮೆ. ಇತ್ತೀಚೆಗೆ ನರ ಸೋತಿದ್ದರೆ ಕಣ್ಣು ಇದಕ್ಕಿಂತ ಎಷ್ಟೋ ಜಾಸ್ತಿ ಒಳಕ್ಕೆ ಕೂತಿರುತ್ತದೆ. ಕೊನೆಗೆ ಹಳೆಯ ಫೋಟೋ ಕೇಳಿದೆ. ಚಿನ್ನು ಹುಟ್ಟಿದ್ದು 2020ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳೇ ಲಾಕ್‌ಡೌನ್. ಸ್ಟುಡಿಯೋ ಫೋಟೋ ಒಂದೂ ಇಲ್ಲ, ಆದರೆ ಊರಿನ ಅಜ್ಜಿಗೆ ಕಳಿಸಿದ ನೂರಾರು ಫೋಟೋ ಅಮ್ಮನ ಮೊಬೈಲಿನಲ್ಲಿದ್ದವು. ಎಂಟು ತಿಂಗಳಲ್ಲಿ ಗೋಡೆ ಹಿಡಿದು ನಿಂತಾಗ, ಒಂದು ವರ್ಷದ ಹುಟ್ಟುಹಬ್ಬದ ಕೇಕ್ ಮುಂದೆ, ದೀಪಾವಳಿಯ ಹೂಕುಂಡದ ಬೆಳಕಿನಲ್ಲಿ, ಎಲ್ಲದರಲ್ಲೂ ಮುಖ ಎಡಕ್ಕೆ. ಕಣ್ಣು ಹೀಗಾದದ್ದು ನಡುವೆ ಎಂದೋ ಅಲ್ಲ, ಹುಟ್ಟುವ ಮೊದಲೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇದರ ಹೆಸರು ಡ್ವೇನ್ ಸಿಂಡ್ರೋಮ್. ಜರ್ಮನಿಯ ಸ್ಟಿಲ್ಲಿಂಗ್ 1887ರಲ್ಲೇ ಇದನ್ನು ಗುರುತಿಸಿದ್ದರು. ಅಮೆರಿಕದ ಅಲೆಕ್ಸಾಂಡರ್ ಡ್ವೇನ್ 1905ರಲ್ಲಿ 54 ಜನರ ವಿವರ ಒಟ್ಟುಮಾಡಿ ಬರೆದ ಮೇಲೆ ಅವರ ಹೆಸರು ನಿಂತಿತು. ಕೋಸುಗಣ್ಣಿನ ನೂರು ಜನರಲ್ಲಿ ಒಂದರಿಂದ ಐದು ಜನಕ್ಕೆ ಇರುವುದು ಇದೇ. ಎಡಗಣ್ಣಿಗೆ ಜಾಸ್ತಿ, ಹೆಣ್ಣುಮಕ್ಕಳಲ್ಲಿ ಜಾಸ್ತಿ. ಚಿನ್ನು ಎರಡೂ ಲೆಕ್ಕಕ್ಕೆ ಸೇರುತ್ತಾಳೆ.

ಡಾಕ್ಟರ್ ನೋಡಿ ಖಚಿತ ಮಾಡಿದರು. ಅಪ್ಪ ಅಮ್ಮನಿಗೆ ವಿವರಿಸುವ ಕೆಲಸ ನನಗೆ ಬಂತು, ಕನ್ನಡದಲ್ಲಿ ಮಾತಾಡುವವಳು ನಾನೊಬ್ಬಳೇ. ಅಮ್ಮ ಮೊದಲು ಕೇಳಿದ್ದು ಒಂದೇ ಮಾತು: 'ನರ ವೀಕಾ, ಮೇಡಂ?'

ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಆ ನರ ವೀಕ್ ಆಗಲು ಅದು ಇರಬೇಕಲ್ಲ. ಚಿನ್ನುವಿನ ಎಡಗಡೆ ಅದು ಬಂದೇ ಇಲ್ಲ. ಅಥವಾ ಬಂದದ್ದು ಏನೇನೂ ಸಾಲದು.

ಒಂದೊಂದು ಕಣ್ಣನ್ನು ತಿರುಗಿಸಲು ಆರು ಸ್ನಾಯುಗಳಿವೆ. ಅವನ್ನು ನಡೆಸುವುದು ಮೂರು ನರ. ಮೂರನೇ ನರ ನಾಲ್ಕು ಸ್ನಾಯು ನೋಡಿಕೊಳ್ಳುತ್ತದೆ, ಜೊತೆಗೆ ರೆಪ್ಪೆ ಎತ್ತುವ ಸ್ನಾಯುವನ್ನೂ. ನಾಲ್ಕನೆಯದಕ್ಕೆ ಒಂದು ಸ್ನಾಯು. ಆರನೆಯದಕ್ಕೂ ಒಂದೇ, ಕಣ್ಣನ್ನು ಕಿವಿಯ ಕಡೆಗೆ ಎಳೆಯುವ ಸ್ನಾಯು. ನರ ಎಂದರೆ ತಂತಿ. ಆ ತಂತಿ ಹೊರಡುವುದು ಮೆದುಳಿನ ಕಾಂಡದೊಳಗೆ ಕೂತ ನರಕೋಶಗಳಿಂದ. ಗರ್ಭದಲ್ಲಿ ಹಿಂಮೆದುಳು ಶುರುವಿನಲ್ಲಿ ಕಬ್ಬಿನ ಜಲ್ಲೆಯ ಹಾಗೆ ಗಿಣ್ಣು ಗಿಣ್ಣಾಗಿ ಇರುತ್ತದೆ. ಆರನೇ ನರದ ಕೋಶಗಳು ಹುಟ್ಟುವುದು ಐದು, ಆರನೇ ಗಿಣ್ಣಿನ ಹತ್ತಿರ. ಮೂರನೇ ನರದವು ಅಲ್ಲಿಂದ ಮೇಲೆ, ನಡುಮೆದುಳಿನಲ್ಲಿ. ಯಾವ ಕೋಶ ಏನಾಗಬೇಕು ಎಂದು ತೀರ್ಮಾನಿಸುವುದು ಆಯಾ ಗಿಣ್ಣಿನಲ್ಲಿ ಕೆಲಸ ಮಾಡುವ ಜೀನ್‌ಗಳು. ಅದರಲ್ಲಿ ಒಂದು ಎಂಎಎಫ್‌ಬಿ. ಇದು ಕೆಟ್ಟರೆ ಆರನೇ ನರ ಸರಿಯಾಗಿ ಬೆಳೆಯದೆ ಡ್ವೇನ್ ಬರುತ್ತದೆ, ಕೆಲವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು 2016ರಲ್ಲಿ ತಿಳಿಯಿತು. ಒಳಕಿವಿ ಬೆಳೆಯುವುದು ಅದೇ ಗಿಣ್ಣುಗಳ ಮಗ್ಗುಲಲ್ಲಿ. ಆದ್ದರಿಂದಲೇ ನಾವು ಇಂಥ ಮಗುವಿನ ಕಿವಿಯನ್ನೂ ಪರೀಕ್ಷೆ ಮಾಡಿಸುತ್ತೇವೆ.

ಹುಟ್ಟಿದರೆ ಸಾಕಾಗುವುದಿಲ್ಲ. ಕೋಶ ತನ್ನ ತಂತಿಯನ್ನು ಕಣ್ಣಿನ ಗೂಡಿನವರೆಗೆ ಕಳಿಸಬೇಕು, ಸರಿಯಾದ ಸ್ನಾಯುವನ್ನು ಹುಡುಕಬೇಕು. ದಾರಿ ತೋರಿಸುವ ಸಂಕೇತ ಕೆಟ್ಟರೂ ಕೆಲಸ ಕೆಡುತ್ತದೆ. ಸಿಎಚ್‌ಎನ್1 ಎಂಬ ಜೀನ್ ಬದಲಾಗಿ ಅದರ ಪ್ರೋಟೀನ್ ಅತಿಯಾಗಿ ಕೆಲಸ ಮಾಡುವ ಮನೆತನಗಳಲ್ಲಿ ಡ್ವೇನ್ ಬರುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಬದಲಾದ ಅದೇ ಪ್ರೋಟೀನನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಮೂಡಿಸಿ ನೋಡಿದಾಗ ಕಣ್ಣು ತಿರುಗಿಸುವ ನರದ ತಂತಿಗಳು ಸ್ನಾಯು ಮುಟ್ಟದೆ ದಾರಿಯಲ್ಲೇ ನಿಂತವು.

ಇನ್ನು ಕೋಶ ಬದುಕಿ ಉಳಿಯುವ ಮಾತು. ನನಗೆ ಇಡೀ ವಿಷಯದಲ್ಲಿ ಅತಿ ಹತ್ತಿರ ಅನಿಸುವುದು ಇದೇ. ಗರ್ಭದಲ್ಲಿ ಸ್ನಾಯು ನಡೆಸುವ ನರಕೋಶಗಳು ಬೇಕಾದದ್ದಕ್ಕಿಂತ ಜಾಸ್ತಿ ಹುಟ್ಟುತ್ತವೆ. ಬೆನ್ನುಹುರಿಯಲ್ಲಿ ಲೆಕ್ಕ ಹಾಕಿದವರು ಸುಮಾರು ಅರ್ಧದಷ್ಟು ಹುಟ್ಟುವ ಮೊದಲೇ ಸಾಯುತ್ತವೆ ಎಂದು ಕಂಡರು. ಉಳಿಯುವುದು ಯಾವುದು? ಸ್ನಾಯುವನ್ನು ಮುಟ್ಟಿ, ಸ್ನಾಯು ಮತ್ತು ದಾರಿಯ ಜೀವಕೋಶಗಳು ಬಿಡುವ ಪೋಷಕ ಪ್ರೋಟೀನ್ ಸಿಕ್ಕಿದ್ದು. ಬಿಡಿಎನ್‌ಎಫ್, ಜಿಡಿಎನ್‌ಎಫ್ ಅಂಥವು. ಸಿಗದಿದ್ದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ ಯುದ್ಧದ ಕಾಲದಲ್ಲಿ, ಯೆಹೂದಿ ಎಂಬ ಕಾರಣಕ್ಕೆ ಕೆಲಸದಿಂದ ಹೊರಹಾಕಿಸಿಕೊಂಡು, ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು ಈ ದಾರಿ ಹಿಡಿದವರು. ಚಿಗುರುತ್ತಿರುವ ರೆಕ್ಕೆ, ಕಾಲು ತೆಗೆದರೆ ಅದಕ್ಕೆ ಹೋಗಬೇಕಾದ ನರಕೋಶಗಳು ಹುಟ್ಟಿಯೂ ಸಾಯುತ್ತವೆ ಎಂದು ಕಂಡುಕೊಂಡರು. ಮುಂದೆ ಸ್ಟ್ಯಾನ್ಲಿ ಕೊಹೆನ್ ಜೊತೆ ಅವರಿಗೆ 1986ರ ನೊಬೆಲ್ ಬಂದದ್ದು ನರಕ್ಕೆ ಬೇಕಾದ ಇಂಥ ಒಂದು ಪೋಷಕ ಪ್ರೋಟೀನನ್ನು ಹುಡುಕಿದ್ದಕ್ಕೆ.

ಇದನ್ನು ಚಿನ್ನುವಿನ ಅಪ್ಪನಿಗೆ ಹೇಳಲು ನನಗೆ ಕಷ್ಟ ಆಗಲಿಲ್ಲ. ಅವರು ಹದಿನೈದನೇ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿದವರು. ಊರಿನಿಂದ ಬಂದ ಹುಡುಗರಲ್ಲಿ ಹೊಟೇಲಿನಲ್ಲಿ ಜಾಗ, ಎರಡು ಹೊತ್ತು ಊಟ, ಮಲಗಲು ಒಂದು ಮೂಲೆ ಸಿಕ್ಕವನು ಇಲ್ಲಿ ಉಳಿದ. ಸಿಗದವನು ಉಳಿಯಲಿಲ್ಲ. ನರಕೋಶಕ್ಕೆ ಸ್ನಾಯು ಎಂದರೆ ಆ ಮೂಲೆ, ಆ ಊಟ. ಅವರು ತಲೆ ಆಡಿಸಿದರು. 'ಹಾಗಾದ್ರೆ ಆ ಸ್ನಾಯು ಈಗ ಖಾಲಿಯಾ?' ಎಂದರು.

ಬಹಳ ಒಳ್ಳೆಯ ಪ್ರಶ್ನೆ. ಖಾಲಿ ಅಲ್ಲ. ಡ್ವೇನ್ ಇದ್ದವರು ಬೇರೆ ಕಾರಣಕ್ಕೆ ತೀರಿಕೊಂಡ ಮೇಲೆ ಅವರ ಮೆದುಳನ್ನು ಪರೀಕ್ಷಿಸಿದ ವರದಿಗಳು 1980 ಮತ್ತು 1982ರಲ್ಲಿ ಬಂದವು. ಆರನೇ ನರ ಇರಲಿಲ್ಲ. ಅದರ ಕೋಶಗಳೂ ಇರಲಿಲ್ಲ. ಆದರೆ ಆ ಸ್ನಾಯುವಿಗೆ ಮೂರನೇ ನರದ ಕವಲು ಬಂದು ಸೇರಿತ್ತು. ಊರಿನಲ್ಲಿ ಬೀಗ ಹಾಕಿದ ಮನೆಯಲ್ಲಿ ನೆರೆಮನೆಯವರು ಸಂಜೆ ಬಂದು ದೀಪ ಹಚ್ಚುತ್ತಾರಲ್ಲ, ಹಾಗೆ. ಮನೆ ಪಾಳು ಬೀಳುವುದಿಲ್ಲ. ಆದರೆ ದೀಪ ಹಚ್ಚುವುದು ನೆರೆಯವರ ಹೊತ್ತಿಗೆ. ಮೂರನೇ ನರ ಕಣ್ಣನ್ನು ಮೂಗಿನ ಕಡೆ ಎಳೆಯಲು ಅಪ್ಪಣೆ ಕೊಟ್ಟಾಗ, ಅದೇ ಅಪ್ಪಣೆ ಹೊರಗಿನ ಸ್ನಾಯುವಿಗೂ ಹೋಗುತ್ತದೆ. ಒಳಗಿನದು, ಹೊರಗಿನದು ಒಟ್ಟಿಗೆ ಎಳೆಯುತ್ತವೆ. ಎರಡೂ ಕಡೆಯಿಂದ ಎಳೆದರೆ ಗುಡ್ಡೆ ಹಿಂದಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ರೆಪ್ಪೆ ಸಂದು ಕಿರಿದಾಗುವುದು ಅದರಿಂದ. ಅಪ್ಪ ಆಗ ತಾನೇ ನೋಡಿದ್ದು ಇದನ್ನೇ.

1982ರ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಆರನೇ ನರದ ಗೂಡಿನಲ್ಲಿ ಎರಡು ಬಗೆಯ ಕೋಶಗಳಿರುತ್ತವೆ. ಒಂದು ಬಗೆ ತನ್ನ ಕಡೆಯ ಕಣ್ಣಿನ ಹೊರಗಿನ ಸ್ನಾಯುವಿಗೆ ತಂತಿ ಕಳಿಸುತ್ತದೆ. ಇನ್ನೊಂದು ಬಗೆ ಮೆದುಳಿನೊಳಗೇ ಆಚೆ ಬದಿಗೆ ದಾಟಿ, 'ಈ ಕಣ್ಣು ಹೊರಕ್ಕೆ ಹೊರಟಿದೆ, ನೀನು ಒಳಕ್ಕೆ ಬಾ' ಎಂದು ಇನ್ನೊಂದು ಕಣ್ಣಿನ ಕೋಶಗಳಿಗೆ ತಿಳಿಸುತ್ತದೆ. ಡ್ವೇನ್‌ನಲ್ಲಿ ಮೊದಲ ಬಗೆ ಇಲ್ಲ, ಎರಡನೆಯದು ಉಳಿದಿತ್ತು. ಒಂದೇ ಗೂಡು, ಒಂದೇ ಜಾಗ, ಒಂದು ಇಲ್ಲವಾಗಿ ಇನ್ನೊಂದು ಉಳಿದದ್ದು ನನಗೆ ಪ್ರತಿ ಸಲವೂ ಅಚ್ಚರಿ ತರುತ್ತದೆ. ಚಿನ್ನು ಎಡಕ್ಕೆ ನೋಡು ಎಂದಾಗ ಅವಳ ಬಲಗಣ್ಣು ತಡವಿಲ್ಲದೆ ಎಡಕ್ಕೆ ಬಂದದ್ದು ಈ ಉಳಿದ ಕೋಶಗಳಿಂದ. ಎಡಗಣ್ಣು ಹೋಗಲಾರದ ಕಡೆಗೂ ಬಲಗಣ್ಣಿಗೆ ಕರೆ ತಲುಪುತ್ತಿತ್ತು.

ಸಾಮಾನ್ಯ ಎಂಆರ್‌ಐಯಲ್ಲಿ ಇದೊಂದೂ ಕಾಣುವುದಿಲ್ಲ. ಆರನೇ ನರ ಸಣ್ಣ ನೂಲಿನಷ್ಟು. ಅದು ಇದೆಯೋ ಇಲ್ಲವೋ ಎಂದು ನೋಡಲು ಆ ಜಾಗವನ್ನು ತೆಳು ತೆಳು ಪದರವಾಗಿ ತೆಗೆಯುವ ಬೇರೆ ಬಗೆಯ ಸ್ಕ್ಯಾನ್ ಬೇಕು. ಮತ್ತೆ ಮಾಡಿಸಬೇಕಾ ಎಂದು ಅಪ್ಪ ಕೇಳಿದರು. ಬೇಡ ಎಂದರು ಡಾಕ್ಟರ್. ಕಣ್ಣು ನೋಡಿಯೇ ಖಚಿತವಾಗಿದೆ, ಸ್ಕ್ಯಾನ್‌ನಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಮೂರು ಆಯಾಮದ ನೋಟ ಅಳೆಯಲು ನಮ್ಮಲ್ಲಿ ಒಂದು ದೊಡ್ಡ ನೊಣದ ಚಿತ್ರ ಇದೆ. ವಿಶೇಷ ಕನ್ನಡಕ ಹಾಕಿ ನೋಡಿದರೆ, ಎರಡು ಕಣ್ಣು ಕೂಡಿ ಕೆಲಸ ಮಾಡುತ್ತಿದ್ದವರಿಗೆ ರೆಕ್ಕೆ ಕಾಗದದಿಂದ ಮೇಲೆ ಎದ್ದ ಹಾಗೆ ಕಾಣುತ್ತದೆ. ಚಿನ್ನುವಿನ ಮುಖವನ್ನು ಅವಳ ಇಷ್ಟಕ್ಕೆ ಬಿಟ್ಟೆ. ಅವಳು ಎಡಕ್ಕೆ ತಿರುಗಿಸಿಕೊಂಡು, ರೆಕ್ಕೆ ಹಿಡಿಯಲು ಹೋಗಿ, ಕಾಗದದಿಂದ ಎರಡು ಬೆರಳು ಮೇಲೆ ಗಾಳಿಯಲ್ಲಿ ಚಿವುಟಿದಳು. 'ಛೀ' ಎಂದು ಕೈ ಹಿಂದೆಳೆದಳು. ಆಮೇಲೆ ನಾನು ಎರಡೂ ಕೈಯಲ್ಲಿ ಅವಳ ತಲೆ ನೇರ ಹಿಡಿದೆ. ಈಗ ಹಿಡಿ ಎಂದೆ. ಬೆರಳು ಕಾಗದಕ್ಕೇ ತಾಗಿತು. 'ನೊಣ ಸತ್ತೋಯ್ತು' ಎಂದಳು.

ಅಮ್ಮ ಇದನ್ನು ನೋಡುತ್ತಿದ್ದರು. ಮುಖ ಎಡಕ್ಕೆ ತಿರುಗಿಸಿದರೆ ಎರಡೂ ಕಣ್ಣು ಸ್ವಲ್ಪ ಬಲಕ್ಕೆ ಬರುತ್ತವೆ. ಅಲ್ಲಿ ಎಡಗಣ್ಣಿಗೆ ಹೊರಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ, ಎರಡು ಕಣ್ಣು ಒಂದಾಗುತ್ತವೆ. ಈ ದಾರಿ ಚಿನ್ನುವಿಗೆ ಯಾರೂ ಕಲಿಸಿಲ್ಲ. ಕೂಸಾಗಿದ್ದಾಗಲೇ ತಾನೇ ಕಂಡುಕೊಂಡದ್ದು. ದಿನಕ್ಕೆ ಹತ್ತು ಸಲ ಗಲ್ಲ ಹಿಡಿದು ನೇರ ಮಾಡಿದಾಗಲೆಲ್ಲ ನಾವು ಅವಳಿಂದ ಒಂದು ಕಣ್ಣನ್ನು ಕಿತ್ತುಕೊಂಡ ಹಾಗೆ. ಬಲಗಣ್ಣಿಗೆ ಪಟ್ಟಿ ಕಟ್ಟಿದಾಗ ಆದದ್ದೂ ಅದೇ. ದೃಷ್ಟಿ ಸಮ ಇದ್ದ ಮಗುವಿಗೆ ಆ ಪಟ್ಟಿ ಬೇಕಿರಲಿಲ್ಲ. ಮನೆಯಲ್ಲಿ ಪಟ್ಟಿ ಕಟ್ಟಿದ ಹೊತ್ತಿನಲ್ಲೇ ಜಾಸ್ತಿ ಎಡವುತ್ತಿದ್ದಳು ಎಂದು ಅಮ್ಮ ಆಗ ನೆನಪು ಮಾಡಿಕೊಂಡರು.

ಅಪ್ಪ ಬಿಲ್ ಕಟ್ಟಲು ಹೊರಗೆ ಹೋದಾಗ ಅಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. ಮೇಡಂ ಹೋಗಿ ಅಕ್ಕ ಆಯಿತು. 'ಅಕ್ಕ, ಒಂದು ಕೇಳ್ಲಾ? ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದೆ. ಅತ್ತೆ ಇವತ್ತಿಗೂ ಅದನ್ನೇ ಹೇಳ್ತಾರೆ. ಚೌತಿ ಟೈಮಲ್ಲಿ ಜ್ವರಕ್ಕೆ ಗುಳಿಗೆ ಬೇರೆ ತಗೊಂಡಿದ್ದೆ. ನಂದೇ ತಪ್ಪಲ್ದಾ?'

ಐದು ವರ್ಷ ಇದನ್ನು ಒಳಗೇ ಇಟ್ಟುಕೊಂಡಿದ್ದರು. ಸುಮ್ನೆ 'ಹಾಗೇನಿಲ್ಲ' ಎಂದರೆ ಹೋಗುವ ಭಾರ ಅಲ್ಲ ಅದು. ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಇಟ್ಟೆ. ಮಗು ಹುಟ್ಟಿದ್ದು ದಿನ ತುಂಬಿ, ಫೆಬ್ರವರಿ ನಡುವೆ. ಅಂದರೆ ಗರ್ಭ ನಿಂತದ್ದು 2019ರ ಮೇ ಕೊನೆಗೆ. ಕಣ್ಣಿನ ಈ ನರಗಳ ದಾರಿ ತಪ್ಪುವುದು ಯಾವಾಗ ಎಂದು ಲೋಕಕ್ಕೆ ಗೊತ್ತಾದದ್ದು ಒಂದು ದೊಡ್ಡ ದುರಂತದಿಂದ. ಥಾಲಿಡೊಮೈಡ್ ಎಂಬ ಗುಳಿಗೆ 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಬಸುರಿಯರ ವಾಂತಿಗೂ ಕೊಟ್ಟರು. ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ ಮೇಲೆ 1961ರಲ್ಲಿ ಹಿಂದಕ್ಕೆ ತೆಗೆದರು. ಆ ಮಕ್ಕಳಲ್ಲಿ ಕೆಲವರಿಗೆ ಡ್ವೇನ್ ಇತ್ತು. ತಾಯಂದಿರು ಗುಳಿಗೆ ತಿಂದ ದಿನ ಲೆಕ್ಕ ಹಾಕಿದಾಗ ಅದು ಗರ್ಭ ನಿಂತ ನಾಲ್ಕನೇ ವಾರದ ಆಸುಪಾಸಿಗೆ ಬರುತ್ತಿತ್ತು.

ಚಿನ್ನುವಿಗೆ ಆ ವಾರ ಬಿದ್ದದ್ದು 2019ರ ಜೂನ್ ಮೂರನೇ ವಾರದ ಹೊತ್ತಿಗೆ. ಚೌತಿ ಆ ವರ್ಷ ಸೆಪ್ಟೆಂಬರ್ 2ಕ್ಕೆ. ಗ್ರಹಣ ಡಿಸೆಂಬರ್ 26ಕ್ಕೆ. ಜ್ವರದ ಗುಳಿಗೆ ತಿನ್ನುವ ಎರಡು ತಿಂಗಳ ಮೊದಲೇ ಆ ನರದ ತೀರ್ಮಾನ ಆಗಿಹೋಗಿತ್ತು. ಗ್ರಹಣದ ಹೊತ್ತಿಗೆ ಮಗು ಹೊಟ್ಟೆಯಲ್ಲಿ ಏಳು ತಿಂಗಳದ್ದು. ಜೂನ್‌ನಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ಅವರು ಯೋಚಿಸಿದರು. 'ಆಗ ನಂಗೆ ನಿಂತದ್ದೇ ಸರಿ ಗೊತ್ತಿರ್ಲಿಲ್ಲ ಅಕ್ಕ' ಎಂದರು. ಹೌದು. ಡ್ವೇನ್ ಇರುವ ಹತ್ತರಲ್ಲಿ ಒಂಬತ್ತು ಜನಕ್ಕೆ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ, ಹೊರಗಿನ ಕಾರಣವೂ ಸಿಗುವುದಿಲ್ಲ. ಅಮ್ಮ ಕ್ಯಾಲೆಂಡರಿನ ಜೂನ್ ಪುಟದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ನಾನೂ ಮಾತಾಡಲಿಲ್ಲ.

ಕಿವಿ ಪರೀಕ್ಷೆ ಮುಂದಿನ ವಾರ ಆಯಿತು, ಎರಡೂ ಸರಿ. ಹೆಬ್ಬೆರಳು, ಮುಂಗೈ, ಕುತ್ತಿಗೆ, ಬೆನ್ನು ಮಕ್ಕಳ ಡಾಕ್ಟರ್ ನೋಡಿದರು. ಕೆಲವು ಬಗೆಯ ಡ್ವೇನ್‌ನಲ್ಲಿ ಅವುಗಳಲ್ಲೂ ವ್ಯತ್ಯಾಸ ಇರುತ್ತದೆ. ಚಿನ್ನುವಿಗೆ ಏನೂ ಇರಲಿಲ್ಲ.

ಆಪರೇಷನ್ ಬಗ್ಗೆ ಮಾತು ಬಂತು. ಆಪರೇಷನ್ ಮಾಡಿದರೆ ಮುಖ ತಿರುಗುವುದು ಕಡಿಮೆ ಮಾಡಬಹುದು, ವಾಲಿದ ಕಣ್ಣನ್ನು ನಡುವಿಗೆ ತರಬಹುದು. ಇಲ್ಲದ ನರವನ್ನು ತರಲು ಆಗುವುದಿಲ್ಲ, ಕಣ್ಣು ಕಿವಿಯ ಕಡೆಗೆ ಮಾಮೂಲಿನಂತೆ ಓಡುವುದಿಲ್ಲ. ಇದನ್ನು ಮೊದಲೇ ಹೇಳದೆ ಆಪರೇಷನ್‌ಗೆ ಕರೆದೊಯ್ಯುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಚಿನ್ನುವಿನ ಮುಖ ತಿರುಗುವುದು ಸುಮಾರು 15 ಡಿಗ್ರಿ. ಕುತ್ತಿಗೆ ನೋವಿಲ್ಲ, ಎರಡು ಕಣ್ಣು ಕೂಡಿ ಕೆಲಸ ಮಾಡುತ್ತಿವೆ. ಈಗ ಬೇಡ, ಆರು ತಿಂಗಳಿಗೊಮ್ಮೆ ನೋಡೋಣ ಎಂದು ಡಾಕ್ಟರ್ ಬರೆದರು. ಪಟ್ಟಿ, ವ್ಯಾಯಾಮ ನಿಲ್ಲಿಸಿದರು. ಆ ವ್ಯಾಯಾಮ ಕಣ್ಣನ್ನು ಮೂಗಿನ ಕಡೆಗೆ ಎಳೆಯುವುದು, ಅದು ಅವಳಿಗೆ ಮೊದಲೇ ಬರುತ್ತಿತ್ತು.

ನಾನು ಶಾಲೆಗೆ ಒಂದು ಚೀಟಿ ಬರೆದುಕೊಟ್ಟೆ. ಅಲ್ಲಿಯ ತನಕ ಅವಳನ್ನು ಕ್ಲಾಸಿನ ಬಲಗಡೆ, ಕಿಟಕಿ ಸಾಲಿನಲ್ಲಿ ಕೂರಿಸುತ್ತಿದ್ದರು. ಬೋರ್ಡ್ ಅವಳ ಎಡಕ್ಕೆ ಬೀಳುತ್ತಿತ್ತು, ಎಡಕ್ಕೆ ಹೋಗಲಾರದ ಕಣ್ಣಿಗೆ ಅದು ಅತಿ ಕಷ್ಟದ ಜಾಗ. ಎಡಗಡೆ ಸಾಲಿನಲ್ಲಿ ಕೂರಿಸಿ, ಬೋರ್ಡ್ ಅವಳ ಬಲಕ್ಕೆ ಬರಲಿ, ಮುಖ ತಿರುಗಿಸಿದರೆ ಗದರಬೇಡಿ ಎಂದು ಮೂರು ಸಾಲು. ಟೀಚರ್ ಅದನ್ನು ಓದಿ ಮರುದಿನವೇ ಜಾಗ ಬದಲಿಸಿದರಂತೆ.

ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಕೈಕಾಲಿನ, ನಾಲಿಗೆಯ, ಉಸಿರಿನ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕಣ್ಣು ತಿರುಗಿಸುವ ಕೋಶಗಳು ಮಾತ್ರ ಬಹಳ ಕಾಲ ಉಳಿಯುತ್ತವೆ, ಮಾತು ನಿಂತವರು ಕಣ್ಣಿನಿಂದಲೇ ಅಕ್ಷರ ಆರಿಸುತ್ತಾರೆ. ಅಷ್ಟು ಗಟ್ಟಿ ಕೋಶಗಳಿವು. ಅವೇ ಕೋಶಗಳಿಗೆ ನಾಲ್ಕನೇ ವಾರದಲ್ಲಿ ಎಷ್ಟು ಸಣ್ಣ ಅಡಚಣೆ ಸಾಕು ಎಂದು ನೆನೆದಾಗ ಪ್ರತಿ ಮಗುವಿನ ಕಣ್ಣನ್ನೂ ಇನ್ನಷ್ಟು ನಿಧಾನವಾಗಿ ನೋಡಬೇಕು ಅನಿಸುತ್ತದೆ.

2026ರ ಜನವರಿಯಲ್ಲಿ ಚಿನ್ನು ಮತ್ತೆ ಬಂದಳು. ಅಳತೆಗಳು ಹಾಗೇ ಇದ್ದವು. ದೃಷ್ಟಿ ಸಮ, ನೊಣದ ರೆಕ್ಕೆ ಗಾಳಿಯಲ್ಲೇ ಸಿಕ್ಕಿತು. ಅಮ್ಮ ಶಾಲೆಯ ವಾರ್ಷಿಕೋತ್ಸವದ ಫೋಟೋ ತೋರಿಸಿದರು. ನವಿಲು ವೇಷದ ಹನ್ನೆರಡು ಮಕ್ಕಳು ಸಾಲಾಗಿ ನಿಂತಿದ್ದರು. ಫೋಟೋಗ್ರಾಫರ್ ಇವಳನ್ನು ನಡುವೆ ನಿಲ್ಲಿಸಿದ್ದರಂತೆ. ಇವಳು ಅಲ್ಲಿಂದ ಸರಿದು, ಎಡಗಡೆ ತುದಿಗೆ ಹೋಗಿ, 'ಅಂಕಲ್, ನಂಗೆ ಇಲ್ಲಿಂದ ಚೆನ್ನಾಗಿ ಕಾಣುತ್ತೆ' ಎಂದು ಹಿಂದಿಯಲ್ಲಿ ಹೇಳಿದಳಂತೆ. ಆ ತುದಿಯಿಂದ ಕ್ಯಾಮೆರಾ ಅವಳ ಬಲಕ್ಕೆ ಬೀಳುತ್ತದೆ. ಫೋಟೋದಲ್ಲಿ ಅವಳ ಮುಖ ನೇರ ಇತ್ತು, ಎರಡೂ ಕಣ್ಣು ಕ್ಯಾಮೆರಾದ ಮೇಲಿದ್ದವು.